‘ನೋಡ್ತೀನಿ ಬಿಡು’ ಅಂದ ಮೇಲೆ ಆ ಕೆಲಸ ಯಾರದು?

ಕೆಲಸದ ಹೊರೆ ಬಗ್ಗೆ ಬರೆಯಿರಿ ಅಂತ ಓದುಗರನ್ನು ಕೇಳಿದ್ದೆ. ಮೇಲಿನವರ ಕಾಟದ ಬಗ್ಗೆ ಪತ್ರಗಳು ಬರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಮುಕ್ಕಾಲು ಪಾಲು ಬರೆದವರು ಮ್ಯಾನೇಜರ್‌ಗಳೇ. ಅದರಲ್ಲೂ ಆ ಕುರ್ಚಿಗೆ ಹೊಸದಾಗಿ ಬಂದವರು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಏಳಕ್ಕೆ ಇಳಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಮ್ಯಾನೇಜರ್ ಆಗಿ ಎಂಟು ತಿಂಗಳಾಯಿತು. ಒಂಬತ್ತು ಜನರ ಟೀಮ್. ನಮ್ಮ ಲಿಸ್ಟ್‌ನಲ್ಲಿ ಈಗ 40 ಕೆಲಸಗಳಿವೆ. ವಾರಕ್ಕೆ ಹೆಚ್ಚು ಕಡಿಮೆ ಐದು ಮುಗಿಯುತ್ತವೆ, ಅಷ್ಟೇ ಹೊಸದಾಗಿ ಬಂದು ಸೇರುತ್ತವೆ. 40ರಲ್ಲಿ 31ಕ್ಕೆ ‘ಟಾಪ್ ಪ್ರಯಾರಿಟಿ’ ಅಂತ ಗುರುತು ಬಿದ್ದಿದೆ. ಯಾವುದನ್ನು ಮೊದಲು ಮಾಡಲಿ ಅಂತ ಬಾಸ್‌ನ ಕೇಳಿದರೆ ‘ಎಲ್ಲವೂ ಮುಖ್ಯವೇ ಅಲ್ವಾ, ಹೇಗಾದರೂ ಮ್ಯಾನೇಜ್ ಮಾಡಿ’ ಅನ್ನುತ್ತಾರೆ. ರಾತ್ರಿ ಒಂಬತ್ತರವರೆಗೂ ಕೂರುತ್ತೇನೆ. ಆದರೂ ಬೈಗುಳ ತಪ್ಪುತ್ತಿಲ್ಲ. ಆದ್ಯತೆ ಕೊಡುವುದು ಅಂದರೆ ಹೇಗೆ?

ಮೊದಲು ನಿಮ್ಮದೇ ಅಂಕಿ ಹಿಡಿದು ಒಂದು ಲೆಕ್ಕ ಮಾಡೋಣ. ಕೈಯಲ್ಲಿ 40, ವಾರಕ್ಕೆ ಹೊರಗೆ ಹೋಗುವುದು 5. ಅಂದರೆ ಇವತ್ತು ಒಳಗೆ ಬಂದ ಕೆಲಸ ಮುಗಿದು ಹೊರಗೆ ಹೋಗಲು ಸರಾಸರಿ 8 ವಾರ. ಇದು ನನ್ನ ಅಂದಾಜಲ್ಲ. ಲಿಟಲ್ಸ್ ಲಾ ಅಂತಾರೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಕ್ಯೂನಲ್ಲಿ ನಿಂತ ಜನಕ್ಕೂ ಮೇಜಿನ ಮೇಲೆ ಕೂತ ಫೈಲಿಗೂ ಒಂದೇ ಲೆಕ್ಕ. ಈಗ ಅದೇ ಒಂಬತ್ತು ಜನ, ವಾರಕ್ಕೆ ಅದೇ ಐದು, ಆದರೆ ಒಂದು ಸಲಕ್ಕೆ ಕೈಗೆ ತೆಗೆದುಕೊಳ್ಳುವುದು 15 ಮಾತ್ರ ಅಂದುಕೊಳ್ಳಿ. ಶುರುವಾದ ಕೆಲಸ 3 ವಾರಕ್ಕೆ ಮುಗಿಯುತ್ತದೆ. ಯಾರೂ ಒಂದು ನಿಮಿಷ ಜಾಸ್ತಿ ದುಡಿದಿಲ್ಲ.

ಉಳಿದ 25 ಎಲ್ಲಿ ಹೋದವು ಅಂತ ಕೇಳುತ್ತೀರಿ. ಬಾಗಿಲ ಹೊರಗೆ ನಿಂತಿವೆ. ಅವೂ ಕಾಯುತ್ತಿವೆ, ಸುಳ್ಳು ಹೇಳಲ್ಲ. ಆದರೆ ಒಳಗೆ ಅರ್ಧಂಬರ್ಧ ಆಗಿ ಕೂತ ಕೆಲಸಕ್ಕೂ ಹೊರಗೆ ನಿಂತ ಕೆಲಸಕ್ಕೂ ತುಂಬಾ ವ್ಯತ್ಯಾಸ ಇದೆ. ಅರ್ಧ ಆದ ಕೆಲಸಕ್ಕೆ ವಾರಕ್ಕೆರಡು ಸಲ ಸ್ಟೇಟಸ್ ಕೇಳುತ್ತಾರೆ, ಅದನ್ನು ಹಿಡಿದವರು ರಜೆ ಹಾಕಿದರೆ ಇನ್ನೊಬ್ಬರಿಗೆ ಮೊದಲಿಂದ ವಿವರಿಸಬೇಕು, ಹತ್ತು ದಿನ ಬಿಟ್ಟು ಮತ್ತೆ ತೆರೆದರೆ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಶುರುವಾಗದ ಕೆಲಸಕ್ಕೆ ಈ ಯಾವ ಖರ್ಚೂ ಇಲ್ಲ. ಬೇಡ ಅನಿಸಿದರೆ ಒಂದು ಗೆರೆ ಎಳೆದರೆ ಆಯಿತು.

ಇನ್ನು ಆ 31. ‘ಅರ್ಜೆಂಟ್ ಬೇರೆ, ಮುಖ್ಯ ಬೇರೆ’ ಅಂತ ನಾಲ್ಕು ಚೌಕದ ಒಂದು ಡಬ್ಬಿ ಇದೆಯಲ್ಲ, ಅದನ್ನು ನಿಮಗೂ ಯಾರೋ ಟ್ರೇನಿಂಗ್‌ನಲ್ಲಿ ಬರೆದು ತೋರಿಸಿರುತ್ತಾರೆ. ಐಸೆನ್‌ಹೋವರ್ ಹೆಸರು ಅದಕ್ಕೆ. ಅವರು ಅಮೆರಿಕದ ಅಧ್ಯಕ್ಷರಾಗಿದ್ದಾಗ 1954ರಲ್ಲಿ ಒಂದು ಭಾಷಣದಲ್ಲಿ ಈ ಮಾತು ಹೇಳಿದ್ದು ನಿಜ. ಆದರೆ ಇದು ತನ್ನ ಮಾತಲ್ಲ, ಕಾಲೇಜೊಂದರ ಹಿಂದಿನ ಮುಖ್ಯಸ್ಥರೊಬ್ಬರದ್ದು ಅಂತ ಅವರೇ ಅಲ್ಲಿ ಹೇಳಿದ್ದರು. ಚೌಕಗಳು ಆಮೇಲೆ ಬಂದವು. ಇರಲಿ. ಆ ಡಬ್ಬಿ ತಪ್ಪಲ್ಲ, ಆದರೆ ನಿಮ್ಮಂಥವರಿಗೆ ಅದು ಅಷ್ಟು ಉಪಯೋಗಕ್ಕೆ ಬರಲ್ಲ. ಯಾಕೆ ಅಂದರೆ ಎಲ್ಲರೂ ತಂತಮ್ಮ ಕೆಲಸ ಮುಖ್ಯ ಅಂತಲೇ ವಾದ ಮಾಡುತ್ತಾರೆ, ನೀವು ಕೂತು 31 ಕೆಲಸವನ್ನೂ ಒಂದೇ ಚೌಕದಲ್ಲಿ ತುಂಬುತ್ತೀರಿ.

ನಾನು ಮಾಡುತ್ತಿದ್ದುದು ಇಷ್ಟು. ಒಂದು ದೊಡ್ಡ ಹಾಳೆ. ಒಂದೊಂದು ಕೆಲಸಕ್ಕೂ ಒಂದು ಸಾಲು. ಪಕ್ಕದಲ್ಲಿ ಯಾರು ಕೇಳಿದ್ದು ಅಂತ ವ್ಯಕ್ತಿಯ ಹೆಸರು. ‘ಮ್ಯಾನೇಜ್‌ಮೆಂಟ್’ ಅಂತ ಬರೆಯುವ ಹಾಗಿಲ್ಲ, ಮ್ಯಾನೇಜ್‌ಮೆಂಟ್ ಅನ್ನುವವರು ಯಾರೂ ನನಗೆ ಯಾವತ್ತೂ ಫೋನ್ ಮಾಡಿಲ್ಲ. ಅದರ ಪಕ್ಕ ಇನ್ನೊಂದು ಪ್ರಶ್ನೆ: ಇದನ್ನು ಒಂದು ತಿಂಗಳು ಮುಟ್ಟದಿದ್ದರೆ ಯಾರು ಫೋನ್ ಮಾಡುತ್ತಾರೆ, ಏನಂತ ಕೇಳುತ್ತಾರೆ? ಅವರು ಆಡುವ ಮಾತನ್ನೇ ಬರೆಯಬೇಕು. ‘ಸಂಬಳ ಯಾಕೆ ಆಗಿಲ್ಲ’ ಅಂತ ಕೇಳುತ್ತಾರೆ ಅಂತ ಬರೆದರೆ ಅದು ಮೇಲಕ್ಕೆ ಹೋಗುತ್ತದೆ, ವಾದವೇ ಬೇಡ. ‘ಏನಾಯಿತು ಅಂತ ಸುಮ್ನೆ ಕೇಳಿದೆ’ ಅಂತಾರೆ ಅಂತ ಬರೆದರೆ ಅದು ಎಲ್ಲಿಗೆ ಹೋಗಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಖಾಲಿ ಉಳಿಯುವ ಸಾಲುಗಳೂ ಇರುತ್ತವೆ. ಯಾರು ಫೋನ್ ಮಾಡುತ್ತಾರೆ ಅಂತ ಯೋಚಿಸಿ ಯೋಚಿಸಿ ಪೆನ್ನು ಕಚ್ಚಿಕೊಂಡು ಕೂತರೂ ಹೆಸರು ಹೊಳೆಯುವುದಿಲ್ಲ. ನಾನು ಮೊದಲ ಸಲ ಇದನ್ನು ಮಾಡಿದಾಗ 28 ಸಾಲುಗಳಲ್ಲಿ ಆರು ಖಾಲಿ ಉಳಿದವು. ಅದರಲ್ಲಿ ಒಂದು ನಾನೇ ಶುರು ಮಾಡಿಸಿದ್ದು. ನನಗೇ ಮರೆತಿತ್ತು, ಪಾಪ ಒಬ್ಬ ಹುಡುಗ ಮಾತ್ರ ತಪ್ಪದೆ ಮಾಡಿಕೊಂಡು ಬರುತ್ತಿದ್ದ.

ಹಾಳೆ ತಯಾರಾದ ಮೇಲೆ ಬಾಸ್ ಹತ್ತಿರ ಹೋಗಿ. ‘ಯಾವುದು ಮುಖ್ಯ’ ಅಂತ ಕೇಳಬೇಡಿ. ಆ ಪ್ರಶ್ನೆಗೆ ಯಾವ ಬಾಸ್ ಆದರೂ ‘ಎಲ್ಲವೂ’ ಅಂತಲೇ ಹೇಳುತ್ತಾರೆ, ಹಾಗೆ ಹೇಳಲು ಅವರಿಗೆ ಏನೂ ಖರ್ಚಾಗಲ್ಲ. ನೀವೇ ಒಂದು ತೀರ್ಮಾನ ತೆಗೆದುಕೊಂಡು ಹೋಗಿ. ‘ಸರ್, ಈ ತಿಂಗಳು ಈ 15 ಮಾಡುತ್ತೇವೆ. ಈ 19 ಈ ತಿಂಗಳು ಮುಟ್ಟುವುದಿಲ್ಲ. ಈ ಆರನ್ನು ನಿಲ್ಲಿಸುತ್ತಿದ್ದೇನೆ. ಮುಟ್ಟದೇ ಇರುವುದರಲ್ಲಿ ಯಾವುದಾದರೂ ಒಳಗೆ ಬರಬೇಕು ಅಂದರೆ, 15ರಲ್ಲಿ ಯಾವುದು ಹೊರಗೆ ಹೋಗಬೇಕು ಹೇಳಿ.’ ಇಷ್ಟೇ ಮಾತು. ಆಮೇಲೆ ಸುಮ್ಮನೆ ಕೂರಿ. ಅವರು ಒಂದೆರಡು ಅದಲು ಬದಲು ಮಾಡುತ್ತಾರೆ. ಮಾಡಲಿ, ಅದಕ್ಕೇ ಅಲ್ವಾ ಹೋಗಿದ್ದು. ಅದೇ ಸಂಜೆ ಮಾತಾಡಿದ್ದನ್ನು ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸಿ. ಮೂರು ವಾರ ಬಿಟ್ಟು ‘ಅದು ಯಾಕೆ ಆಗಿಲ್ಲ’ ಅಂತ ಕೇಳಿದಾಗ ಆ ಮೇಲ್ ನಿಮ್ಮನ್ನು ಕಾಯುತ್ತದೆ.

ನಾನು ಕಂಡ ಹಾಗೆ ಹೊಸ ಮ್ಯಾನೇಜರ್‌ಗಳು ಆದ್ಯತೆ ಅಂದರೆ ಸಾಲಾಗಿ ಜೋಡಿಸುವುದು ಅಂದುಕೊಳ್ಳುತ್ತಾರೆ. ಒಂದರಿಂದ 40ರವರೆಗೆ ನಂಬರ್ ಹಾಕುತ್ತಾರೆ. ನಂಬರ್ ಹಾಕಿದ್ದರಿಂದ ಒಂದು ಕೆಲಸವೂ ಕಡಿಮೆ ಆಗಲಿಲ್ಲ ನೋಡಿ. ಯಾವುದನ್ನು ಮಾಡುವುದಿಲ್ಲ ಅಂತ ಅದನ್ನು ಕೇಳಿದವರ ಮುಖ ನೋಡಿ ಹೇಳುವವರೆಗೆ ನೀವು ಆದ್ಯತೆ ಕೊಟ್ಟ ಹಾಗೆ ಆಗಲ್ಲ. ಲಿಸ್ಟ್ ಅಂದವಾಯಿತು, ಅಷ್ಟೇ.

ಪ್ರಶ್ನೆ: ಟೀಮ್‌ನವರಿಗೆ ಕೆಲಸ ಹಂಚಿಯೇ ಹಂಚುತ್ತೇನೆ. ಆದರೂ ಸಂಜೆ ಹೊತ್ತಿಗೆ ಎಲ್ಲ ನನ್ನ ಮೇಜಿಗೇ ವಾಪಸ್ ಬಂದಿರುತ್ತದೆ. ನಾನು ಮಾಡುತ್ತಿರುವ ತಪ್ಪೇನು?

ತಪ್ಪು ಎರಡು ಪದದ್ದು. ‘ನೋಡ್ತೀನಿ ಬಿಡು.’

ಒಂದು ದಿನ ನಿಮ್ಮನ್ನು ನೀವೇ ಗಮನಿಸಿ. ನೀವು ಎಲ್ಲೋ ಹೊರಟಿದ್ದೀರಿ, ಬಾಗಿಲ ಹತ್ತಿರ ಟೀಮ್‌ನವರೊಬ್ಬರು ನಿಲ್ಲಿಸುತ್ತಾರೆ. ‘ಸರ್, ಆ ಡೇಟಾ ವಿಷಯದಲ್ಲಿ ಒಂದು ಸಣ್ಣ ಪ್ರಾಬ್ಲಂ ಆಗಿದೆ. ಅವರು ಕಳಿಸುತ್ತಾನೇ ಇಲ್ಲ.’ ನಿಮಗೆ ಮೀಟಿಂಗ್‌ಗೆ ತಡವಾಗಿದೆ. ಉತ್ತರ ಹೇಳುವಷ್ಟು ವಿವರ ಗೊತ್ತಿಲ್ಲ, ಸುಮ್ಮನೆ ಹೋಗಲೂ ಮನಸ್ಸಿಲ್ಲ. ‘ಸರಿ, ನಾನು ನೋಡ್ತೀನಿ ಬಿಡು’ ಅಂದು ಹೋಗುತ್ತೀರಿ. 20 ಸೆಕೆಂಡಿನ ಮಾತು. ಅಷ್ಟರಲ್ಲಿ ಆ ಕೆಲಸ ಅವರ ಹೆಗಲಿಂದ ಇಳಿದು ನಿಮ್ಮ ಹೆಗಲೇರಿತು. ನಾಳೆ ಅವರೇ ಬಂದು ‘ಸರ್, ಅದು ಏನಾಯಿತು’ ಅಂತ ನಿಮ್ಮನ್ನು ಕೇಳುತ್ತಾರೆ. ಈಗ ಯಾರು ಯಾರ ಬಾಸ್?

1974ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ ಇದನ್ನು ಕೋತಿಗೆ ಹೋಲಿಸಿ ಬರೆದಿದ್ದರು. ಒಬ್ಬರ ಬೆನ್ನಿಂದ ಇನ್ನೊಬ್ಬರ ಬೆನ್ನಿಗೆ ಹಾರುವ ಕೋತಿ. 50 ವರ್ಷ ಕಳೆದಿದೆ, ಕೋತಿ ಇನ್ನೂ ಹಾರುತ್ತಲೇ ಇದೆ. ನನ್ನ ಅನುಭವದಲ್ಲಿ ಅದಕ್ಕೆ ಮದ್ದು ಇನ್ನೊಂದು ವಾಕ್ಯ: ‘ನೀವು ಏನು ಮಾಡಬೇಕು ಅಂದುಕೊಂಡಿದ್ದೀರಿ?’ ಮೊದಲ ವಾರ ತಬ್ಬಿಬ್ಬಾಗುತ್ತಾರೆ. ಎರಡನೇ ವಾರ ‘ಹೀಗೆ ಮಾಡಲಾ ಸರ್’ ಅಂತ ಬರುತ್ತಾರೆ. ಒಂದು ತಿಂಗಳಾದ ಮೇಲೆ ‘ಹೀಗೆ ಮಾಡಿದೆ ಸರ್, ನಿಮಗೆ ಗೊತ್ತಿರಲಿ ಅಂತ ಹೇಳಿದೆ’ ಅನ್ನುತ್ತಾರೆ. ಕೆಲವರು ಎರಡನೇ ಹಂತದಲ್ಲೇ ಉಳಿದುಬಿಡುತ್ತಾರೆ. ಬಿಡಿ, ಅದೂ ಲಾಭವೇ.

ಒಂದು ಮಾತ್ರ ನೆನಪಿಡಿ. ಅವರ ಕೈ ಮೀರಿದ ವಿಷಯ ಕೆಲವು ಇರುತ್ತವೆ. ಬೇರೆ ವಿಭಾಗದ ಮುಖ್ಯಸ್ಥರು ಫೋನ್ ಎತ್ತದಿದ್ದರೆ ನಿಮ್ಮ ಟೀಮ್‌ನ ಹುಡುಗಿ ಏನು ಮಾಡಬೇಕು? ಅಲ್ಲಿ ನೀವೇ ಫೋನ್ ಮಾಡಬೇಕು. ಆಗಲೂ ಇಡೀ ಕೆಲಸ ತೆಗೆದುಕೊಳ್ಳಬೇಡಿ, ಫೋನ್ ಮಾತ್ರ ತೆಗೆದುಕೊಳ್ಳಿ. ‘ನಾನು ಅವರ ಹತ್ತಿರ ಮಾತಾಡುತ್ತೇನೆ, ಡೇಟಾ ಬಂದ ಮೇಲೆ ಮುಂದಿನದು ನಿಮ್ಮದು’ ಅಂತ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ನಮ್ಮಲ್ಲಿ ಪ್ರತಿ ಸೋಮವಾರ ಒಂದು ರಿಪೋರ್ಟ್ ಹೋಗುತ್ತದೆ. ಒಬ್ಬರಿಗೆ ಪೂರ್ತಿ ಒಂದು ದಿನ ಹಿಡಿಯುತ್ತದೆ. ಯಾರಾದರೂ ಓದುತ್ತಾರಾ ಅಂತ ಗೊತ್ತಿಲ್ಲ. ನಿಲ್ಲಿಸಲು ಭಯ. ಏನು ಮಾಡಲಿ?

ನಿಮ್ಮ ಪತ್ರ ಓದಿ ನಗು ಬಂತು, ಯಾಕೆ ಅಂದರೆ ಇಂಥದ್ದೇ ಒಂದು ರಿಪೋರ್ಟ್‌ಗೆ ನಾನು ಮೂರು ವರ್ಷ ಕೊಟ್ಟಿದ್ದೇನೆ. ಎಕ್ಸೆಲ್‌ನಲ್ಲಿ 14 ಕಾಲಂ. ಕೊನೆಯ ಕಾಲಂನ ಹೆಸರು ‘ರಿಮಾರ್ಕ್ಸ್ 2’. ರಿಮಾರ್ಕ್ಸ್ 1 ಅನ್ನುವ ಕಾಲಂ ಇರಲೇ ಇಲ್ಲ. ಯಾವಾಗಲೋ ಯಾರೋ ತೆಗೆದಿದ್ದಾರೆ, ಎರಡನೆಯದು ಹಾಗೇ ಉಳಿದಿದೆ. ಪ್ರತಿ ವಾರ ನಮ್ಮ ಟೀಮ್‌ನವರು ಆ ಕಾಲಂನಲ್ಲಿ ಸಾಲು ಸಾಲಾಗಿ ‘ನಿಲ್’ ಅಂತ ತುಂಬುತ್ತಿದ್ದರು. ಇದು ಎಲ್ಲಿಂದ ಶುರುವಾಯಿತು ಅಂತ ಒಂದು ದಿನ ಹಳೇ ಮೇಲ್‌ಗಳನ್ನು ಕೆದಕಿದೆ. ಯಾವುದೋ ಒಂದು ಗಡಿಬಿಡಿಯ ಸಮಯದಲ್ಲಿ ಆಗಿನ ಒಬ್ಬ ಅಧಿಕಾರಿ ‘ಎರಡು ವಾರ ಈ ಮಾಹಿತಿ ಕೊಡಿ’ ಅಂತ ಕೇಳಿದ್ದರು. ಅವರು ಆ ಸಂಸ್ಥೆ ಬಿಟ್ಟೇ ಎಷ್ಟೋ ಕಾಲವಾಗಿತ್ತು. ಅವರ ಎರಡು ವಾರ ಮಾತ್ರ ಇನ್ನೂ ಮುಗಿದಿರಲಿಲ್ಲ.

ನಾನು ಏನು ಮಾಡಿದೆ ಅಂದರೆ, ರಿಪೋರ್ಟ್ ತಯಾರು ಮಾಡಿಸಿ ನನ್ನ ಹತ್ತಿರವೇ ಇಟ್ಟುಕೊಂಡೆ, ಕಳಿಸಲಿಲ್ಲ. ಮೊದಲ ಎರಡು ಸೋಮವಾರ ಎದೆ ಡವಡವ. ಮೂರನೇ ವಾರದಿಂದ ತಯಾರು ಮಾಡಿಸುವುದನ್ನೂ ನಿಲ್ಲಿಸಿದೆ. ಏಳನೇ ವಾರ ಒಬ್ಬರು ಫೋನ್ ಮಾಡಿ ‘ಆ ಶೀಟ್ ಬರುತ್ತಿಲ್ಲವಲ್ಲ’ ಅಂದರು. ಅದರಲ್ಲಿ ನಿಮಗೆ ಬೇಕಾದದ್ದು ಯಾವುದು ಅಂತ ಕೇಳಿದೆ. ಐದನೇ ಕಾಲಂ ಅಂದರು. ಒಂದೇ ಕಾಲಂ. ಅದನ್ನು ಕಳಿಸಲು ಹತ್ತು ನಿಮಿಷ ಸಾಕಾಯಿತು.

ಹೀಗೆ ಹೇಳದೇ ನಿಲ್ಲಿಸಿದ್ದು ಸರಿಯಾ? ಈಗ ಯೋಚಿಸಿದರೆ ಅಷ್ಟು ಸರಿ ಅನಿಸಲ್ಲ. ನೀವು ಒಂದು ಸಾಲಿನ ಮೇಲ್ ಹಾಕಿ: ‘ಮುಂದಿನ ತಿಂಗಳಿಂದ ಈ ರಿಪೋರ್ಟ್ ನಿಲ್ಲಿಸುತ್ತಿದ್ದೇವೆ. ಬೇಕಾದವರು ಯಾವ ಭಾಗ ಬೇಕು, ಯಾವುದಕ್ಕೆ ಬಳಸುತ್ತೀರಿ ಅಂತ ತಿಳಿಸಿ.’ ಓದುತ್ತೀರಾ ಅಂತ ಕೇಳಬೇಡಿ, ಎಲ್ಲರೂ ಓದುತ್ತೇವೆ ಅಂತಲೇ ಹೇಳುತ್ತಾರೆ. ಯಾವುದಕ್ಕೆ ಬಳಸುತ್ತೀರಿ ಅಂತ ಕೇಳಿದರೆ ಉತ್ತರಗಳು ಸಟ್ಟನೆ ಕಡಿಮೆಯಾಗುತ್ತವೆ.

ಇಲ್ಲಿ ಒಂದು ಎಚ್ಚರ. ತೆರಿಗೆ, ಸಂಬಳ, ಆಡಿಟ್, ಸುರಕ್ಷತೆ, ಕಾನೂನು ಪ್ರಕಾರ ಇಡಲೇಬೇಕಾದ ದಾಖಲೆ, ಇವುಗಳ ಮೇಲೆ ಈ ಪ್ರಯೋಗ ಮಾಡಬೇಡಿ. ಅಂಥವನ್ನು ವರ್ಷಗಟ್ಟಲೆ ಯಾರೂ ಕೇಳಲ್ಲ. ಕೇಳಿದ ದಿನ ಇಲ್ಲದಿದ್ದರೆ ಕಥೆ ಮುಗಿಯಿತು. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ ಆಮೇಲೆ ಕೈ ಹಾಕಿ.

ಯಾಕೆ ಇಂಥವು ಬೆಳೆಯುತ್ತವೆ ಅಂದರೆ ಕೂಡಿಸುವುದು ನಮಗೆ ತಟ್ಟನೆ ಹೊಳೆಯುತ್ತದೆ, ಕಳೆಯುವುದು ಹೊಳೆಯಲ್ಲ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಒಂದು ಸಂಶೋಧನೆ ಬಂದಿತ್ತು. ಲೆಗೋ ಇಟ್ಟಿಗೆಗಳ ಒಂದು ಪುಟ್ಟ ಕಟ್ಟಡ. ಮೇಲಿನ ಚಾವಣಿ ಮೂಲೆಯಲ್ಲಿರುವ ಒಂದೇ ಇಟ್ಟಿಗೆ ಮೇಲೆ ನಿಂತಿದೆ, ಅಲುಗಾಡುತ್ತದೆ. ಭಾರ ಹೊರುವ ಹಾಗೆ ಗಟ್ಟಿ ಮಾಡಿ ಅಂದರು. ಹೊಸ ಇಟ್ಟಿಗೆ ಸೇರಿಸಿದರೆ ದುಡ್ಡು ಕಳೆಯುತ್ತದೆ. ಆ ಒಂದು ಇಟ್ಟಿಗೆಯನ್ನು ತೆಗೆದರೆ ಚಾವಣಿ ಕೆಳಗೆ ಕೂತು ತಾನೇ ಗಟ್ಟಿಯಾಗುತ್ತದೆ, ಖರ್ಚೂ ಇಲ್ಲ. ಆದರೂ ಅರ್ಧಕ್ಕಿಂತ ಜಾಸ್ತಿ ಜನ ತೆಗೆಯಲಿಲ್ಲ. ‘ತೆಗೆಯುವುದಕ್ಕೆ ಖರ್ಚಿಲ್ಲ’ ಅಂತ ನೆನಪಿಸಿದ ಗುಂಪಿನಲ್ಲಿ ತೆಗೆದವರು ಜಾಸ್ತಿಯಾದರು. ತೆಗೆಯಬಹುದು ಅಂತ ನೆನಪಿಸುವ ಆ ಕೆಲಸ ಆಫೀಸಿನಲ್ಲಿ ಯಾರದು ಹೇಳಿ? ನಿಮ್ಮದೇ.

ಪ್ರಶ್ನೆ: ದಿನಕ್ಕೆ ಆರು ಗಂಟೆ ಮೀಟಿಂಗ್. ಕೆಲಸ ಯಾವಾಗ ಮಾಡಲಿ?

ಇದಕ್ಕೆ ಉದ್ದ ಉತ್ತರ ಬೇಡ. ಎಂಟು ಜನ ವಾರಕ್ಕೆ ಒಂದು ಗಂಟೆ ಕೂತರೆ ಅದು ಒಂದು ಗಂಟೆಯಲ್ಲ, ಎಂಟು ಗಂಟೆ. ವರ್ಷಕ್ಕೆ 50 ವಾರ ಹಿಡಿದರೂ 400 ಗಂಟೆ, ಅಂದರೆ ಒಬ್ಬರ 50 ದಿನದ ಕೆಲಸ. ಈ ಮೀಟಿಂಗ್‌ಗೆ ಒಬ್ಬರನ್ನು 50 ದಿನ ಕೊಡಿ ಅಂತ ಕೇಳಿದರೆ ಕೊಡುತ್ತೀರಾ? ಇಲ್ಲ ಅಂದರೆ ನಿಲ್ಲಿಸಿ.

ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಮೂರು ಅಥವಾ ಜಾಸ್ತಿ ಜನ ಸೇರುವ, ಪದೇ ಪದೇ ನಡೆಯುವ ಮೀಟಿಂಗ್‌ಗಳನ್ನೆಲ್ಲ ಒಂದೇ ಏಟಿಗೆ ಕ್ಯಾಲೆಂಡರ್‌ನಿಂದ ಅಳಿಸಿತು. ಮತ್ತೆ ಹಾಕುವ ಮೊದಲು ಎರಡು ವಾರ ತಡೆಯಿರಿ ಅಂದಿತು. ನಿಮಗೆ ಅಷ್ಟು ಅಧಿಕಾರ ಇರಲಿಕ್ಕಿಲ್ಲ. ಆದರೆ ನೀವೇ ಕರೆಯುವ ಮೀಟಿಂಗ್‌ಗಳ ಮೇಲೆ ಇದೆ ಅಲ್ವಾ? ಅಲ್ಲಿಂದ ಶುರು ಮಾಡಿ. ನಿಮ್ಮ ಆರು ಗಂಟೆಯಲ್ಲಿ ಎಷ್ಟು ನೀವೇ ಕರೆದದ್ದು ಅಂತ ಎಣಿಸಿ ನೋಡಿ, ಬೇರೆಯವರ ಮೇಲೆ ಕೋಪ ಸ್ವಲ್ಪ ಇಳಿಯಬಹುದು.

ಪ್ರಶ್ನೆ: ನೀವೆಲ್ಲ ಕೆಲಸ ಕಡಿಮೆ ಮಾಡಿ ಅಂತೀರಿ. ನಾನು ನಾಲ್ಕು ಟೀಮ್‌ಗಳ ಮೇಲಿನವನು. ಕೆಲಸ ತೆಗೆದರೆ ಜನ ಖಾಲಿ ಕೂರುತ್ತಾರೆ. ಖಾಲಿ ಕೂತವರಿಗೆ ಸಂಬಳ ಕೊಡಬೇಕಾ?

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಸ್ವಲ್ಪ ಖಾಲಿ ಇರಬೇಕು. ಅದಕ್ಕೂ ಸೇರಿಸಿಯೇ ನೀವು ಸಂಬಳ ಕೊಡುತ್ತಿದ್ದೀರಿ.

ಒಬ್ಬರೇ ಒಂದೊಂದಾಗಿ ಕೆಲಸ ಮಾಡುತ್ತಾರೆ, ಕೆಲಸ ಯಾವಾಗ ಬರುತ್ತದೆ ಅಂತ ಹೇಳಲಾಗದು, ಒಂದೊಂದಕ್ಕೂ ಸರಾಸರಿ ಒಂದು ದಿನ ಹಿಡಿಯುತ್ತದೆ ಅಂದುಕೊಳ್ಳಿ. ಅವರ ಸಮಯದಲ್ಲಿ ನೂರಕ್ಕೆ 80 ಭಾಗ ತುಂಬಿದ್ದರೆ, ಹೊಸದಾಗಿ ಬಂದ ಕೆಲಸ ಶುರುವಾಗಲು ಸರಾಸರಿ 4 ದಿನ ಕಾಯುತ್ತದೆ. 90 ಭಾಗ ತುಂಬಿದರೆ 9 ದಿನ. 95 ಆದರೆ 19 ದಿನ. ಇದು ಕ್ಯೂಗಳ ಬಗೆಗಿನ ಗಣಿತದಲ್ಲಿ ಮೊದಲ ಪಾಠದಲ್ಲೇ ಬರುವ ಲೆಕ್ಕ, ದೊಡ್ಡ ವಿದ್ಯೆ ಏನಲ್ಲ. 80ರಿಂದ 95ಕ್ಕೆ ಹೋದಾಗ ನಿಮಗೆ ಸಿಕ್ಕಿದ್ದು ಇನ್ನೊಂದಿಷ್ಟು ದುಡಿಮೆ, ಕಳೆದುಕೊಂಡದ್ದು 15 ದಿನ. ನಿಜವಾದ ಆಫೀಸು ಇಷ್ಟು ಸರಳವಾಗಿರುವುದಿಲ್ಲ, ಅಂಕಿ ಅಷ್ಟಿಷ್ಟು ಬದಲಾಗಬಹುದು. ಆದರೆ ತುಂಬುತ್ತಾ ಹೋದ ಹಾಗೆ ಕಾಯುವುದು ದಿಢೀರನೆ ಏರುತ್ತದೆ ಅನ್ನುವುದು ಬದಲಾಗಲ್ಲ. ವಾಹನಗಳು ಕಿಕ್ಕಿರಿದ ರಸ್ತೆ ನೋಡಿದ್ದೀರಲ್ಲ. ರಸ್ತೆ ಪೂರ್ತಿ ಬಳಕೆಯಲ್ಲಿದೆ, ಒಂದಡಿ ಜಾಗವೂ ವ್ಯರ್ಥವಾಗಿಲ್ಲ. ಯಾವ ಗಾಡಿಯೂ ಚಲಿಸುತ್ತಿಲ್ಲ.

ಇನ್ನೊಂದು ಮಾತು. ಜನ ಬಿಡುವಾಗಿ ಕಾಣಬಾರದು ಅಂತ ಮೇಲಿನವರು ನೋಡತೊಡಗಿದ ಕೂಡಲೇ ಕೆಲಸ ತಾನೇ ಹುಟ್ಟಿಕೊಳ್ಳುತ್ತದೆ. ಒಬ್ಬರಿಗೊಬ್ಬರು ಮೇಲ್ ಬರೆಯುತ್ತಾರೆ, ಒಬ್ಬರದ್ದನ್ನು ಇನ್ನೊಬ್ಬರು ಚೆಕ್ ಮಾಡುತ್ತಾರೆ, ಚೆಕ್ ಮಾಡಿದ್ದಕ್ಕೆ ಒಂದು ಫಾರ್ಮ್ ಬರುತ್ತದೆ. ಬ್ರಿಟನ್ನಿನ ಇತಿಹಾಸಕಾರ ಪಾರ್ಕಿನ್ಸನ್ 1955ರಲ್ಲಿ ದಿ ಎಕನಾಮಿಸ್ಟ್ ಪತ್ರಿಕೆಯಲ್ಲಿ ಇದನ್ನೇ ತಮಾಷೆಯಾಗಿ ಬರೆದಿದ್ದರು. ಇರುವ ಸಮಯ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಅಂತ. ಬರಹ ತಮಾಷೆ, ಆದರೆ ಅವರು ಕೊಟ್ಟ ಲೆಕ್ಕ ನೋಡಿ. ಬ್ರಿಟನ್ನಿನ ನೌಕಾಪಡೆಯಲ್ಲಿ 1914ರಲ್ಲಿ 62 ದೊಡ್ಡ ಯುದ್ಧನೌಕೆಗಳಿದ್ದವು, 1928ಕ್ಕೆ 20 ಉಳಿದವು. ಅದೇ ಅವಧಿಯಲ್ಲಿ ಅದರ ಆಡಳಿತ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಅವರಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ ಅಂತ ನನ್ನ ಊಹೆ. ಎಲ್ಲರೂ ಬಿಜಿಯಾಗಿಯೇ ಇದ್ದಿರಬೇಕು.

ಹಾಗಾಗಿ ಖಾಲಿ ಕೂತಿದ್ದಾರಾ ಅಂತ ನೋಡಬೇಡಿ ಸರ್. ಕೇಳಿದ ಕೆಲಸ ಎಷ್ಟು ದಿನಕ್ಕೆ ಮುಗಿದು ಬಂತು ಅಂತ ನೋಡಿ. ಎರಡು ತಿಂಗಳು ಅದೊಂದನ್ನೇ ಅಳೆಯಿರಿ. ಆಮೇಲೆ ನನಗೆ ಬೈದು ಬರೆಯಬೇಕು ಅನಿಸಿದರೆ ಬರೆಯಿರಿ, ಹಾಕುತ್ತೇನೆ.

ಪ್ರಶ್ನೆ: ಕೆಲಸಗಳ ಆದ್ಯತೆ ನೋಡಿಕೊಳ್ಳಲು ಒಳ್ಳೆಯ ಆ್ಯಪ್ ಯಾವುದು?

ನಿಮ್ಮ ಫೋನಿನಲ್ಲಿ ಈಗಾಗಲೇ ಮೂರು ಇರಬೇಕು. ಎರಡನ್ನು ತೆಗೆಯಿರಿ, ಉಳಿದದ್ದೇ ಒಳ್ಳೆಯದು.

ಪ್ರಶ್ನೆ: ಮೇಡಂ, ನನ್ನ ಟೀಮ್‌ನ ಇಬ್ಬರು 11 ತಿಂಗಳಿಂದ ಒಂದು ಪ್ರಾಜೆಕ್ಟ್ ಮಾಡುತ್ತಿದ್ದಾರೆ. ತುಂಬಾ ಆಸೆಯಿಂದ ಮಾಡುತ್ತಿದ್ದಾರೆ. ಆದರೆ ಯಾರಿಗಾಗಿ ಮಾಡುತ್ತಿದ್ದೆವೋ ಅವರ ದಾರಿಯೇ ಬದಲಾಗಿದೆ, ಮುಗಿದರೂ ಅದನ್ನು ಬಳಸುವವರಿಲ್ಲ. ನಿಲ್ಲಿಸಬೇಕು ಅಂತ ನನಗೆ ಎರಡು ತಿಂಗಳಿಂದ ಗೊತ್ತು. ಅವರಿಗೆ ಹೇಗೆ ಹೇಳಲಿ ಅಂತ ಮುಂದೂಡುತ್ತಿದ್ದೇನೆ.

ಬಂದ ಪತ್ರಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದು. ಉಳಿದದ್ದೆಲ್ಲ ಲೆಕ್ಕದ ಮಾತು, ಇದು ಹಾಗಲ್ಲ.

ನಿಲ್ಲಿಸಬೇಕಾ ಬೇಡವಾ ಅನ್ನುವುದು ನಿಮಗೇ ಗೊತ್ತಿದೆ. ಆದರೂ ಒಂದು ಸಲ ಹೀಗೆ ಕೇಳಿಕೊಳ್ಳಿ: ಇದು ಇವತ್ತು ಹೊಸದಾಗಿ ನನ್ನ ಮುಂದೆ ಬಂದಿದ್ದರೆ ಶುರು ಮಾಡುತ್ತಿದ್ದೆನಾ? ಇಲ್ಲ ಅನ್ನುವುದಾದರೆ ನಿಲ್ಲಿಸಿ. 11 ತಿಂಗಳು ಹಾಳಾಗುತ್ತದಲ್ಲ ಅಂತ ಹೊಟ್ಟೆ ಉರಿಯುತ್ತದೆ. ಆ 11 ತಿಂಗಳು ನಿಲ್ಲಿಸಿದರೂ ವಾಪಸ್ ಬರಲ್ಲ, ಮುಂದುವರಿಸಿದರೂ ವಾಪಸ್ ಬರಲ್ಲ. ನಿಮ್ಮ ಕೈಯಲ್ಲಿರುವುದು ಹನ್ನೆರಡನೇ ತಿಂಗಳು ಮಾತ್ರ. ಗೊತ್ತಿದ್ದೂ ಹೇಳದೆ ಕಳೆದ ಎರಡು ತಿಂಗಳು ಅವರಿಂದ ನೀವು ಸಾಲ ತೆಗೆದುಕೊಂಡ ಹಾಗೆ. ಇದನ್ನು ನಿಮ್ಮ ಮನಸ್ಸಿಗೆ ನೋವಾಗಲಿ ಅಂತ ಹೇಳುತ್ತಿಲ್ಲ, ನಾನೂ ಇದೇ ತಪ್ಪು ಮಾಡಿದ್ದೇನೆ. ನನ್ನದು ಐದು ತಿಂಗಳು. ನಾನು ಹೇಳುವ ಮೊದಲೇ ಆ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿಗೆ ಬೇರೆ ಯಾರೋ ಲಿಫ್ಟ್‌ನಲ್ಲಿ ಹೇಳಿಬಿಟ್ಟಿದ್ದರು. ಪ್ರಾಜೆಕ್ಟ್ ನಿಂತಿದ್ದಕ್ಕೆ ಅವಳಿಗೆ ಅಷ್ಟು ಬೇಜಾರಾಗಲಿಲ್ಲ. ‘ನಿಮಗೆ ಗೊತ್ತಿತ್ತಾ ಮೇಡಂ’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೇಳುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿ. ಸೋಮವಾರ ಬೆಳಿಗ್ಗೆ ಹೇಳಿ. ಶುಕ್ರವಾರ ಸಂಜೆ ಹೇಳಿ ಕಳಿಸಿದರೆ ಎರಡು ದಿನ ಮನೆಯಲ್ಲಿ ಅದನ್ನೇ ತಲೆಯಲ್ಲಿ ತಿರುಗಿಸುತ್ತಾ ಕೂರುತ್ತಾರೆ, ಕೇಳೋಣ ಅಂದರೆ ನೀವು ಇರುವುದಿಲ್ಲ. ಮೊದಲ ವಾಕ್ಯದಲ್ಲೇ ವಿಷಯ ಬರಲಿ: ‘ಈ ಪ್ರಾಜೆಕ್ಟ್ ಇವತ್ತಿಗೆ ನಿಲ್ಲಿಸುತ್ತಿದ್ದೇವೆ.’ ಹೊಗಳಿಕೆಯಿಂದ ಶುರು ಮಾಡಬೇಡಿ, ಹತ್ತು ನಿಮಿಷ ಹೊಗಳಿದ ಮೇಲೆ ‘ಆದರೆ’ ಅಂದರೆ ಆ ಹೊಗಳಿಕೆಯೂ ಸುಳ್ಳು ಅನಿಸುತ್ತದೆ. ಕಾರಣ ಇದ್ದದ್ದು ಇದ್ದ ಹಾಗೆ ಹೇಳಿ. ತಪ್ಪು ಅವರದ್ದಲ್ಲ ಅಂತ ಬಾಯಿಬಿಟ್ಟು ಹೇಳಿ, ಅದು ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಎರಡು ತಿಂಗಳ ಹಿಂದೆಯೇ ಹೇಳಬೇಕಿತ್ತು ಅನ್ನುವುದನ್ನೂ ನೀವೇ ಹೇಳಿಬಿಡಿ.

ಆಮೇಲೆ ಅವರಿಗೆ ಎರಡು ದಿನ ಕೊಡಿ, ಹೊಸ ಕೆಲಸ ಕೊಡಬೇಡಿ. 11 ತಿಂಗಳಲ್ಲಿ ಮಾಡಿದ್ದರಲ್ಲಿ ಬೇರೆ ಕಡೆ ಉಪಯೋಗಕ್ಕೆ ಬರುವುದು ಏನಿದೆ ಅಂತ ಅವರೇ ಆರಿಸಿ ಒಂದು ಫೋಲ್ಡರ್‌ನಲ್ಲಿ ಇಡಲಿ. ಅದಕ್ಕೆ ಏನು ಹೆಸರಿಡಬೇಕು ಅಂತ ಅವರನ್ನೇ ಕೇಳಿ. ನಮ್ಮ ಹುಡುಗಿ ಅವಳದ್ದಕ್ಕೆ ‘ಐದು ತಿಂಗಳು’ ಅಂತ ಇಟ್ಟಿದ್ದಳು. ನಾನು ಆ ಸಂಸ್ಥೆ ಬಿಡುವವರೆಗೂ ಅದು ಅದೇ ಹೆಸರಲ್ಲಿ ಅಲ್ಲೇ ಇತ್ತು.